ಮಾವನ ವಿಎ ಹಣಕ್ಕೆ ನನ್ನ ಗಂಡನೇ ಫಿಡ್ಯೂಶಿಯರಿ ಆಗಬೇಕಂತೆ. ಲೆಕ್ಕ ಕೇಳುವುದು ಅನುಮಾನವಾ, ಕಾಳಜಿಯಾ?

ಸುಮಾ_ವಿಸ್ಕಾನ್ಸಿನ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ತಿಪಟೂರಿನವಳು. ನನ್ನ ಗಂಡ ಇಲ್ಲಿಯವರೇ, ಅಮೆರಿಕದವರು. ಅವರ ತಂದೆಯನ್ನು ನಾನು ಮೊದಲಿನಿಂದಲೂ ಮಾವ ಅಂತಲೇ ಕರೆಯುತ್ತೇನೆ, ಅವರೂ ಆ ಹೆಸರಿಗೆ ಓಗೊಡುತ್ತಾರೆ. ಮಾವ ವಿಯೆಟ್ನಾಂ ಯುದ್ಧದಲ್ಲಿ ಇದ್ದವರು. ಅಲ್ಲಿ ಕಾಡಿನ ಎಲೆ ಉದುರಲಿ ಎಂದು ವಿಮಾನದಿಂದ ಏಜೆಂಟ್ ಆರೆಂಜ್ ಸುರಿಯುತ್ತಿದ್ದರಲ್ಲ, ಅದರ ಕೆಳಗೇ ಓಡಾಡಿದವರು. ವಯಸ್ಸಾದ ಮೇಲೆ ಪಾರ್ಕಿನ್ಸನ್ ಬಂತು. 2010ರಿಂದ ಆ ಕಾಯಿಲೆಗೂ ಏಜೆಂಟ್ ಆರೆಂಜ್ ಕಾರಣ ಎಂದು ಸರ್ಕಾರ ಒಪ್ಪಿಕೊಂಡಿದೆ. ಹಾಗಾಗಿ ಮಾಜಿ ಸೈನಿಕರ ಇಲಾಖೆಯಿಂದ, ಅಂದರೆ ಎಲ್ಲರೂ ವಿಎ ಅನ್ನುತ್ತಾರಲ್ಲ ಅಲ್ಲಿಂದ, ತಿಂಗಳು ತಿಂಗಳು ಪೂರ್ತಿ ಅಂಗವೈಕಲ್ಯದ ಹಣ ಬರುತ್ತದೆ.

ಎರಡು ವರ್ಷದಿಂದ ಮರೆವು ಜಾಸ್ತಿಯಾಗಿದೆ. ಒಂದೇ ಕರೆಂಟ್ ಬಿಲ್ಲನ್ನು ಮೂರು ಸಲ ಕಟ್ಟಿದ್ದರು. ಯಾರೋ ಫೋನ್ ಮಾಡಿ ಹೆದರಿಸಿದರೆಂದು ಅಂಗಡಿಗೆ ಹೋಗಿ ಗಿಫ್ಟ್ ಕಾರ್ಡ್ ಕೊಂಡು, ಅದರ ಹಿಂಬದಿಯ ನಂಬರ್ ಕೆರೆದು ಫೋನಿನಲ್ಲಿ ಓದಿ ಹೇಳಿದ್ದರು. ಆ ನಂಬರ್ ಸಿಕ್ಕರೆ ಕಾರ್ಡಿನ ಹಣ ಮೋಸಗಾರರ ಪಾಲು. ನಾನು ಆ ಕಾರ್ಡುಗಳನ್ನು ಅವರ ಕೋಟಿನ ಜೇಬಲ್ಲಿ ನೋಡಿದ ದಿನ ಮಾವ ಮಗುವಿನ ಹಾಗೆ ತಲೆ ತಗ್ಗಿಸಿ ಕೂತಿದ್ದರು.

ಡಾಕ್ಟರ್ ಬರೆದ ವರದಿ ವಿಎಗೆ ಹೋಯಿತು. ಈಗ ಪತ್ರ ಬಂದಿದೆ. ಮಾವ ತಮ್ಮ ಹಣ ತಾವೇ ನೋಡಿಕೊಳ್ಳಲು ಆಗುವುದಿಲ್ಲ ಎಂದು ತೀರ್ಮಾನಿಸುವ ಪ್ರಸ್ತಾಪ ಇದೆ, ಒಪ್ಪದಿದ್ದರೆ 60 ದಿನದಲ್ಲಿ ಸಾಕ್ಷಿ ಕೊಡಿ ಎಂದಿದೆ. ತೀರ್ಮಾನವಾದರೆ ಅವರ ಹಣ ನೋಡಿಕೊಳ್ಳಲು ಒಬ್ಬ ಫಿಡ್ಯೂಶಿಯರಿಯನ್ನು ನೇಮಿಸುತ್ತಾರೆ. ಮಾವ ಮಗನ ಹೆಸರನ್ನೇ ಹೇಳಿದರು.

ನನ್ನ ಗಂಡನಿಗೆ ಬೇಜಾರಾಗಿದೆ. ಅಪ್ಪ ಮಗನ ನಡುವೆ ಸರ್ಕಾರ ಯಾಕೆ ಬರಬೇಕು, ನನ್ನ ಕ್ರೆಡಿಟ್ ರಿಪೋರ್ಟ್ ನೋಡುತ್ತಾರಂತೆ, ಕ್ರಿಮಿನಲ್ ದಾಖಲೆ ಹುಡುಕುತ್ತಾರಂತೆ, ಮನೆಗೇ ಬಂದು ವಿಚಾರಿಸುತ್ತಾರಂತೆ, ನಾನೇನು ಕಳ್ಳನಾ ಅಂತ. ಪವರ್ ಆಫ್ ಅಟಾರ್ನಿ ಮಾಡಿಸಿಟ್ಟಿದ್ದೆವು, ಅದು ವಿಎಯಲ್ಲಿ ನಡೆಯುವುದಿಲ್ಲವಂತೆ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ಹೇಳಿ. ಒಪ್ಪಿಕೊಳ್ಳೋದಾ, ಬೇಡವಾ?

ರಘು_ಲೆಕ್ಕಪತ್ರ

ಸುಮಾ ಅವರೇ, ನಾನು ಟೆಕ್ಸಾಸ್‌ನಲ್ಲಿ ಅಕೌಂಟೆಂಟ್. ವಿಎ ಫಿಡ್ಯೂಶಿಯರಿ ಆಗಿರುವ ಕೆಲವು ಮನೆಯವರಿಗೆ ವರ್ಷದ ಲೆಕ್ಕ ಮಾಡಿಕೊಡುತ್ತೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಪವರ್ ಆಫ್ ಅಟಾರ್ನಿ ವಿಷಯ. ನಿಜ, ಅದನ್ನು ತೋರಿಸಿ ವಿಎ ಹಣ ನಡೆಸೋಕೆ ಆಗಲ್ಲ. ರಾಜ್ಯದ ಕೋರ್ಟು ಗಾರ್ಡಿಯನ್ ಎಂದು ನೇಮಿಸಿದರೂ ಅವರೇ ವಿಎ ಫಿಡ್ಯೂಶಿಯರಿ ಆಗುತ್ತಾರೆ ಅಂತಿಲ್ಲ. ಸೋಶಿಯಲ್ ಸೆಕ್ಯುರಿಟಿಯಲ್ಲಿ, ಅಂದರೆ ಸರ್ಕಾರ ವಯಸ್ಸಾದವರಿಗೆ ಕೊಡುವ ಪಿಂಚಣಿಯಲ್ಲಿ, ಇದೇ ಥರ ರೆಪ್ರೆಸೆಂಟೇಟಿವ್ ಪೇಯಿ ಅಂತ ಇದೆ, ಅದೂ ಬೇರೆ. ಮಾವನವರಿಗೆ ಎರಡೂ ಕಡೆಯಿಂದ ಹಣ ಬರುತ್ತಿದ್ದರೆ ಎರಡು ಕಡೆಯೂ ಓಡಾಡಬೇಕು. ಇದು ಕಷ್ಟವೇ.

ಈ ವ್ಯವಸ್ಥೆ ಇವತ್ತಿನದಲ್ಲ, 1926ರದು. ಒಂದನೇ ಮಹಾಯುದ್ಧದಿಂದ ಮನಸ್ಸು ಕೆಟ್ಟು ವಾಪಸ್ ಬಂದ ಹುಡುಗರ ಹಣಕ್ಕೆ ಯಾರು ಯಾರೋ ಗಾರ್ಡಿಯನ್ ಆಗಿ ಕೂತರೆ ಏನಾಗುತ್ತದೆ ಎಂದು ಆಗಲೇ ನೋಡಿದ್ದರು. ಈಗ ಲಕ್ಷಕ್ಕೂ ಜಾಸ್ತಿ ಜನ ಇದರಲ್ಲಿ ಇದ್ದಾರೆ. ಮಾಜಿ ಸೈನಿಕರು, ಅವರ ವಿಧವೆಯರು, ಮಕ್ಕಳು. ಕೆಲಸ ನಡೆಯುವುದು ಆರು ಹಬ್‌ಗಳಿಂದ, ಅಂದರೆ ಪ್ರಾದೇಶಿಕ ಕಚೇರಿಗಳಿಂದ. ಅದರಲ್ಲಿ ಒಂದು ನಿಮ್ಮ ಮಿಲ್ವಾಕಿಯಲ್ಲೇ ಇದೆ.

ನಿಮ್ಮ ಮನೆಯವರು ಏನು ಮಾಡಬೇಕಾಗುತ್ತದೆ ಅಂದರೆ, ಮಾವನ ಹಣಕ್ಕೆ ಬೇರೆ ಅಕೌಂಟು ತೆರೆಯಬೇಕು. ಅದರಲ್ಲಿ ಮಾವನ ಹೆಸರೂ ಇರಬೇಕು, ತಾನು ಫಿಡ್ಯೂಶಿಯರಿ ಅಂತಲೂ ಇರಬೇಕು. ತಮ್ಮ ಸಂಬಳದ ಜೊತೆ ಒಂದು ಡಾಲರ್ ಕೂಡ ಬೆರೆಸುವ ಹಾಗಿಲ್ಲ. ಹೆಂಡತಿಯೋ ಗಂಡನೋ ಫಿಡ್ಯೂಶಿಯರಿ ಆದರೆ ಇದರಲ್ಲಿ ಸಡಿಲ ಇದೆ, ಮಗನಿಗೆ ಇಲ್ಲ. ಆ ಹಣದಿಂದ ತಾವು ಸಾಲ ತೆಗೆದುಕೊಳ್ಳುವ ಹಾಗಿಲ್ಲ. ಮಾವನವರಿಗೆ 100 ಪರ್ಸೆಂಟ್ ಅಂಗವೈಕಲ್ಯದ ಹಣ ಬರುತ್ತಿರುವುದರಿಂದ ವರ್ಷಕ್ಕೊಂದು ಸಲ ಲೆಕ್ಕ ಕೊಡಲೇಬೇಕು. ಕೈಯಲ್ಲಿರುವ ವಿಎ ಹಣ 10,000 ಡಾಲರ್ ದಾಟಿದರೂ, ಫಿಡ್ಯೂಶಿಯರಿ ಫೀಸ್ ತೆಗೆದುಕೊಳ್ಳುತ್ತಿದ್ದರೂ ಇದೇ ನಿಯಮ. ಫಾರಂ 21ಪಿ-4706ಬಿ. ವರ್ಷ ಮುಗಿದು 30 ದಿನದೊಳಗೆ ಕೊಡಬೇಕು. ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟು.

ಉಳಿದ ಹಣ 25,000 ಡಾಲರ್ ದಾಟಿದರೆ ಶೂರಿಟಿ ಬಾಂಡ್ ತೆಗೆದುಕೊಳ್ಳಬೇಕು. ಹೆದರಬೇಡಿ, ಅದು ಒಂದು ಥರ ಇನ್ಶೂರೆನ್ಸು. ಅದರ ಪ್ರೀಮಿಯಂ ಮಾವನ ಹಣದಿಂದಲೇ ಕಟ್ಟಬಹುದು.

ಕ್ರೆಡಿಟ್ ರಿಪೋರ್ಟ್ ನೋಡೋದು ಯಾಕೆ ಅಂತ ನಿಮ್ಮ ಮನೆಯವರು ಕೇಳಿದ್ದು ಸರಿಯಾದ ಪ್ರಶ್ನೆ. ನನಗೆ ತೋಚುವುದು ಇಷ್ಟೆ: ಸಾಲದಲ್ಲಿ ಮುಳುಗಿದವನ ಕೈಗೆ ಬೇರೆಯವರ ಹಣ ಕೊಟ್ಟರೆ ಒಳ್ಳೆಯವನೂ ಜಾರುತ್ತಾನೆ. ಅವನನ್ನು ಆ ಪರೀಕ್ಷೆಗೆ ತಳ್ಳದೆ ಇರೋದೇ ಒಳ್ಳೆಯದು.

ವೀಣಾ_ನರ್ಸಿಂಗ್

ಸುಮಾ, ನಿನಗಿಂತ ದೊಡ್ಡವಳು ಅಂದುಕೊಂಡು ಏಕವಚನದಲ್ಲೇ ಬರೆಯುತ್ತೇನೆ ಕಣಮ್ಮ. ನಾನು ಹದಿನೆಂಟು ವರ್ಷದಿಂದ ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನಿನ್ನ ಗಂಡನಿಗೆ ಇದನ್ನು ಓದಿ ಹೇಳು.

ನಮ್ಮಲ್ಲಿ ಒಬ್ಬರು ಇದ್ದರು. ಕೊರಿಯಾ ಯುದ್ಧದವರು. ಮಕ್ಕಳಿಲ್ಲ, ಹೆಂಡತಿ ತೀರಿಕೊಂಡಿದ್ದರು. ಅವರಿಗೆ ಹೊರಗಿನ ಒಬ್ಬ ಫಿಡ್ಯೂಶಿಯರಿ ಇದ್ದ, ಸಂಬಳಕ್ಕೆ ಮಾಡುವವನು. ತಿಂಗಳ ಹಣದಲ್ಲಿ ಹೆಚ್ಚೆಂದರೆ 4 ಪರ್ಸೆಂಟ್ ಫೀಸ್ ತೆಗೆದುಕೊಳ್ಳಬಹುದು, ಅದು ಕಾನೂನೇ. ಅವನ ಮುಖ ನಾನು ನೋಡಿದ್ದು ಎರಡೇ ಸಲ.

ಒಂದು ಚಳಿಗಾಲ ಆ ಅಜ್ಜನ ಚಪ್ಪಲಿ ನೋಡಿದೆ. ಮನೆಯೊಳಗೆ ಹಾಕುವ ಮೆತ್ತನೆ ಚಪ್ಪಲಿ. ಹಿಮ್ಮಡಿ ಕಿತ್ತು ಹೋಗಿದೆ, ಬಿಳಿ ಟೇಪ್ ಸುತ್ತಿದ್ದಾರೆ. ಗಾಯಕ್ಕೆ ಹಾಕುವ ಟೇಪು, ನಮ್ಮದೇ ಟ್ರಾಲಿಯಿಂದ ತೆಗೆದದ್ದು. ಕಾಲು ಎಳೆದುಕೊಂಡು ನಡೆಯುತ್ತಿದ್ದರು. ಹೊಸದು ಕೇಳಿ ಅಂದೆ. ಆ ಹುಡುಗ ಬ್ಯುಸಿ, ತೊಂದರೆ ಕೊಡೋದು ಬೇಡ ಅಂದರು. ಅವರ ಹೆಸರಲ್ಲಿ ತಿಂಗಳಿಗೆ ಎಷ್ಟು ಬರುತ್ತದೆ ಅಂತ ನನಗೆ ಗೊತ್ತಿತ್ತು. ಒಂದು ಜೊತೆ ಚಪ್ಪಲಿ ಏನು, ಅಂಗಡಿಯನ್ನೇ ಕೊಳ್ಳಬಹುದಿತ್ತು.

ನಾವು ದೂರು ಬರೆದೆವು. ಆಮೇಲೆ ಗೊತ್ತಾಯಿತು, ನಮ್ಮ ಬಿಲ್ಲೂ ಎಷ್ಟೋ ತಿಂಗಳಿಂದ ಕಟ್ಟಿರಲಿಲ್ಲ. ಅವನನ್ನು ತೆಗೆದರು. ಆದರೆ ತನಿಖೆ ಮುಗಿಯುವಷ್ಟರಲ್ಲಿ ಅಜ್ಜ ತೀರಿಕೊಂಡರು. ಚಪ್ಪಲಿ ನಾನೇ ತಂದುಕೊಟ್ಟಿದ್ದೆ, ಎರಡು ತಿಂಗಳು ಹಾಕಿಕೊಂಡರು.

ಲೆಕ್ಕ ಕೇಳುವವರು ಮನೆಗೆ ಬರುತ್ತಾರೆ ಅಂದರೆ ಬರಲಿ ಬಿಡಮ್ಮ. ಬರದೆ ಇದ್ದರೇನೇ ನಾನು ಹೆದರುವುದು.

ಕಿರಣ್_ಡಲ್ಲಾಸ್

ವೀಣಾ ಅಕ್ಕ, ಓದಿ ಸಂಕಟವಾಯಿತು. ಆದರೂ ಒಂದು ಮಾತು ಹೇಳಲೇಬೇಕು. ಅಲ್ಲಿ ಕದ್ದವನು ಹೊರಗಿನವನು. ಕಷ್ಟಪಡುವವರು ಮಾತ್ರ ಮನೆಯವರು. ನಿಯಮ ಎಲ್ಲರಿಗೂ ಒಂದೇ ಅಂತ ಹೇಳಿ ಅಪ್ಪನಿಗೆ ಸೇವೆ ಮಾಡುವ ಮಗನ ತಲೆ ಮೇಲೆ ಫಾರಂ ಹೊರಿಸಿದರೆ ಅವನು ಸಾಕಪ್ಪಾ ಅಂತ ಕೈಬಿಡುತ್ತಾನೆ. ಆಗ ಹಣ ಹೋಗುವುದು ಅದೇ ಹೊರಗಿನವನ ಕೈಗೆ. ಇದು ಸರಿನಾ?

ಇನ್ನೊಂದು. ನನ್ನ ಜೊತೆ ಕೆಲಸ ಮಾಡುವವರ ಅಣ್ಣ ಇರಾಕ್‌ನಿಂದ ಬಂದವರು, ತಲೆಗೆ ಪೆಟ್ಟು. ಹಣ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಸಹಾಯ ಬೇಕು ಅಂತ ಗೊತ್ತಿದ್ದರೂ ಫಿಡ್ಯೂಶಿಯರಿ ಬೇಡ ಅಂತ ಹಟ ಹಿಡಿದಿದ್ದರು. ಯಾಕೆ ಅಂದರೆ ವಿಎ ಹಾಗೆ ತೀರ್ಮಾನಿಸಿದ ಕೂಡಲೇ ಹೆಸರು ಬಂದೂಕು ಕೊಳ್ಳಬಾರದವರ ಎಫ್‌ಬಿಐ ಪಟ್ಟಿಗೆ ಹೋಗುತ್ತಿತ್ತು, ಬಂದೂಕು ಇಟ್ಟುಕೊಳ್ಳುವ ಹಕ್ಕು ಹೋಗುತ್ತಿತ್ತು. ಬಿಲ್ ಕಟ್ಟೋಕೆ ಆಗದಿರುವುದಕ್ಕೂ ಅದಕ್ಕೂ ಏನು ಸಂಬಂಧ? 2024ರ ಮಾರ್ಚ್‌ನಲ್ಲಿ ಕಾಂಗ್ರೆಸ್ಸು, ಅಂದರೆ ಇಲ್ಲಿನ ಸಂಸತ್ತು, ಬಜೆಟ್ ಕಾನೂನಿನಲ್ಲೇ ಇದಕ್ಕೆ ತಡೆ ಹಾಕಿತು. ಈ ವ್ಯಕ್ತಿಯಿಂದ ಅಪಾಯ ಇದೆ ಎಂದು ನ್ಯಾಯಾಧೀಶರು ಹೇಳದೆ ಹೆಸರು ಕಳಿಸಬಾರದು ಅಂತ. ಅಷ್ಟರೊಳಗೆ ಎಷ್ಟು ಜನ ಈ ಹೆದರಿಕೆಗೇ ಸಹಾಯ ಬೇಡ ಅಂದಿರಬಹುದು?

ರಘು_ಲೆಕ್ಕಪತ್ರ

ಕಿರಣ್, ಬಂದೂಕಿನ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಹಣದ ಲೆಕ್ಕ ಗೊತ್ತಾಗದವನು ಅಪಾಯಕಾರಿ ಅಂತ ಯಾರು ಹೇಳಿದರು? ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದು ತಪ್ಪು.

ಕದಿಯುವವರು ಹೊರಗಿನವರೇ ಅನ್ನುವುದನ್ನು ಮಾತ್ರ ಒಪ್ಪಲಾರೆ. ನಾನು ನೋಡಿದ ಕೆಟ್ಟ ಲೆಕ್ಕಗಳಲ್ಲಿ ಎರಡು ಲೆಕ್ಕ ಸ್ವಂತ ಮನೆಯವರು ಕೊಟ್ಟದ್ದೇ. ಆದರೆ ಒಂದು ನಿಜ, ದೊಡ್ಡ ಪ್ರಮಾಣದ ಅನ್ಯಾಯ ನಡೆದಿರುವುದು ತುಂಬಾ ಜನರ ಹಣ ಒಂದೇ ಕೈಗೆ ಸೇರಿದ ಕಡೆ.

ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ಆಯುದಾಂದೋ ಗಾರ್ಡಿಯನ್ಸ್ ಅಂತ ಒಂದು ಸಂಸ್ಥೆ ಇತ್ತು. ಲಾಭಕ್ಕಲ್ಲ, ಸೇವೆಗೆ ಅಂತ ನೋಂದಾಯಿಸಿದ ಸಂಸ್ಥೆ. ಸ್ಪ್ಯಾನಿಷ್‌ನಲ್ಲಿ ಆ ಪದದ ಅರ್ಥ ನೆರವಾಗುವುದು. ನೂರಾರು ಜನರ ಹಣ ಅವರ ಕೈಯಲ್ಲಿತ್ತು, ಅದರಲ್ಲಿ ಮಾಜಿ ಸೈನಿಕರೂ ಇದ್ದರು. ನಡೆಸುತ್ತಿದ್ದವರು ಆ ಹಣವನ್ನು ಸಂಸ್ಥೆಯ ಅಕೌಂಟಿಗೆ ಎಳೆದುಕೊಂಡು ಹಡಗಿನ ಪ್ರವಾಸ, ದುಬಾರಿ ವಾಹನ ಅಂತ ಖರ್ಚು ಮಾಡಿದರು. ಕದ್ದದ್ದು 1 ಕೋಟಿ ಡಾಲರ್‌ಗೂ ಜಾಸ್ತಿ. 2017ರಲ್ಲಿ ಕೇಸಾಯಿತು. ತಪ್ಪೊಪ್ಪಿಕೊಂಡ ಮೇಲೂ ಅಧ್ಯಕ್ಷೆ ಗಂಡನ ಜೊತೆ ತಲೆಮರೆಸಿಕೊಂಡಳು. ಹಿಡಿದು ತಂದರು. 2021ರಲ್ಲಿ ಅವಳಿಗೆ 47 ವರ್ಷ ಜೈಲು ಶಿಕ್ಷೆಯಾಯಿತು.

ನನಗೆ ಅದರಲ್ಲಿ ಜಾಸ್ತಿ ನಾಟಿದ್ದು ಬೇರೆ ವಿಷಯ. ವಿಎ ಲೆಕ್ಕ ಕೇಳಿದಾಗ ಅವರು ಕೊಟ್ಟಿದ್ದರು! ಹತ್ತು ಜನರ ಅಕೌಂಟಿನಲ್ಲಿ ಒಟ್ಟು 19 ಲಕ್ಷ ಡಾಲರ್ ಇದೆ ಎಂದು ಕಾಗದ ಕಳಿಸಿದ್ದರು. ನಿಜವಾಗಿ ಇದ್ದದ್ದು 72 ಸಾವಿರ ಚಿಲ್ಲರೆ. ಕಾಗದ ತಿದ್ದಿದ್ದರು ಅಷ್ಟೆ. ನಾನು ಕಾಗದವನ್ನೇ ನಂಬಿ ಬದುಕುವವನು. ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಅದಕ್ಕೇ ಹೇಳೋದು, ಫಿಡ್ಯೂಶಿಯರಿ ಬರೆದುಕೊಟ್ಟ ಲೆಕ್ಕ ಒಂದೇ ಸಾಲದು. ಬಾಕಿ ಎಷ್ಟಿದೆ ಎಂದು ಬ್ಯಾಂಕಿನವರೇ ಹೇಳಬೇಕು. ಅದಕ್ಕೆ 21ಪಿ-4718ಎ ಅಂತ ಇನ್ನೊಂದು ಫಾರಂ ಇದೆ, ವಿಎಗೆ ಬ್ಯಾಂಕ್ ದಾಖಲೆ ತೋರಿಸಲು ಒಪ್ಪಿಗೆಯೂ ಅದರಲ್ಲೇ ಇದೆ. ಸುಮಾ ಅವರೇ, ಅದಕ್ಕೆ ಸಹಿ ಹಾಕುವಾಗ ನಿಮ್ಮ ಮನೆಯವರಿಗೆ ಆಲ್ಬುಕರ್ಕಿ ಕಥೆ ಹೇಳಿ.

ಕೊಡಗಿನ_ಸುಬೇದಾರ್

ನಮಸ್ಕಾರ. ನಾನು ಮಡಿಕೇರಿ ಹತ್ತಿರದವನು, ಭಾರತೀಯ ಸೇನೆಯಿಂದ ನಿವೃತ್ತ. ಮಗಳು ಅಲ್ಲಿದ್ದಾಳೆ, ಹಾಗಾಗಿ ಇಲ್ಲಿ ಓದುತ್ತಿರುತ್ತೇನೆ.

ನಮ್ಮಲ್ಲಿ ಹೇಗೆ ಅಂತ ಹೇಳಿದರೆ ನಿಮಗೆ ಹೋಲಿಸಲು ಸಿಗುತ್ತದೆ. ಪೆನ್ಷನ್ ಈಗ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಬರುತ್ತದೆ. ವರ್ಷಕ್ಕೊಂದು ಸಲ ಬದುಕಿದ್ದೇನೆ ಅಂತ ಜೀವನ ಪ್ರಮಾಣ ಪತ್ರ ಕೊಡುತ್ತೇವೆ. ಬದುಕಿದ್ದೇನೆ ಅಂತ ಕೇಳುತ್ತಾರೆ, ಹೇಗೆ ಬದುಕಿದ್ದೇನೆ ಅಂತ ಕೇಳುವುದಿಲ್ಲ. ನನ್ನ ಹಳೆಯ ಕಂಪನಿಯವರೊಬ್ಬರಿಗೆ ಮರೆವು ಬಂದಿದೆ. ಎಟಿಎಂ ಕಾರ್ಡು ಯಾರ ಕೈಯಲ್ಲಿದೆಯೋ ಅವರದೇ ದರ್ಬಾರು. ಒಳ್ಳೆಯ ಸೊಸೆ ಇದ್ದಾಳೆ, ನಡೆಯುತ್ತಿದೆ. ಅವಳು ಇಲ್ಲದಿದ್ದರೆ?

1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇಂಥವರ ಆಸ್ತಿ ನೋಡಿಕೊಳ್ಳಲು ಜಿಲ್ಲಾ ಕೋರ್ಟು ಒಬ್ಬರನ್ನು ನೇಮಿಸುವ ದಾರಿ ಇತ್ತು. 2017ರಲ್ಲಿ ಬಂದ ಹೊಸ ಕಾಯ್ದೆಯಲ್ಲಿ ಅದು ಇಲ್ಲ. ಅದರಲ್ಲಿ ಹೆಸರಿಸುವ ಪ್ರತಿನಿಧಿ ಚಿಕಿತ್ಸೆಗೆ ಮಾತ್ರ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ, ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಇಂಥವಕ್ಕೆ. ವಯಸ್ಸಾಗಿ ಮರೆವು ಬಂದವರಿಗೆ ಅಲ್ಲ. ಕೊನೆಗೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ ಗಾರ್ಡಿಯನ್ ಮಾಡಿಸಿಕೊಳ್ಳಬೇಕು. ಹಳ್ಳಿಯ ಮುದುಕಿ ಬೆಂಗಳೂರಿಗೆ ಬಂದು ರಿಟ್ ಹಾಕುತ್ತಾಳಾ?

ಸುಮಾ ಮಗಳೇ, ನಿನ್ನ ಯಜಮಾನರಿಗೆ ಹೇಳು. ಫೌಜಿನಲ್ಲಿ ಕ್ವಾರ್ಟರ್ ಮಾಸ್ಟರ್ ಸ್ಟೋರಿಗೆ, ಅಂದರೆ ಸಾಮಾನಿನ ಉಗ್ರಾಣಕ್ಕೆ, ವರ್ಷ ವರ್ಷ ತಪಾಸಣೆ ಇರುತ್ತಿತ್ತು. ಯಾರೂ ಅದನ್ನು ಅವಮಾನ ಅಂದುಕೊಳ್ಳಲಿಲ್ಲ. ಕಂಬಳಿ ಎಣಿಸುವುದು ಸೈನಿಕನಿಗೆ ಕಂಬಳಿ ಸಿಗಲಿ ಅಂತ.

ವೀಣಾ_ನರ್ಸಿಂಗ್

ಸುಬೇದಾರ್ ಸಾಹೇಬರೇ, ಹೇಗೆ ಬದುಕಿದ್ದೇನೆ ಅಂತ ಕೇಳುವುದಿಲ್ಲ ಅಂದಿರಲ್ಲ, ಇಲ್ಲೂ ಎಷ್ಟೋ ಸಲ ಹಾಗೇ ಆಗುತ್ತದೆ. ನಿಯಮದಲ್ಲಿ ಫೀಲ್ಡ್ ಎಕ್ಸಾಮಿನರ್, ಅಂದರೆ ವಿಎ ಪರಿಶೀಲನಾ ಅಧಿಕಾರಿ, ಮನೆಗೆ ಬಂದು ನೋಡಬೇಕು ಎಂದಿದೆ. 20 ಜನರಿಗಿಂತ ಜಾಸ್ತಿ ಮಂದಿಯ ದೊಡ್ಡ ಮೊತ್ತ ಒಬ್ಬರ ಕೈಯಲ್ಲಿದ್ದರೆ ಅವರ ಆಫೀಸಿಗೇ ಹೋಗಿ ಪರಿಶೀಲಿಸಬೇಕು, 2004ರ ಕಾನೂನಿನಲ್ಲೇ ಇದೆ. ಆದರೆ ಕೇಸು ಜಾಸ್ತಿ, ಜನ ಕಡಿಮೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಜಿಎಒ 2010ರಲ್ಲೇ ಹೇಳಿತ್ತು, ಸಿಬ್ಬಂದಿ ನಿಯಮದ ಪ್ರಕಾರ ಭೇಟಿ ಕೊಡುತ್ತಿಲ್ಲ, ಲೆಕ್ಕ ತಡವಾದರೂ ಬೆನ್ನು ಹತ್ತುತ್ತಿಲ್ಲ ಅಂತ. 2021ರಲ್ಲಿ ವಿಎ ಒಳಗಿನ ಅಕ್ರಮ ತನಿಖೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಕೂಡ ಬರೆದರು, ಹಣ ದುರುಪಯೋಗ ಆಗಿದೆಯೇ ಎಂದು ತೀರ್ಮಾನಿಸುವುದಕ್ಕೂ ಕಳೆದುಕೊಂಡವರಿಗೆ ವಾಪಸ್ ಕೊಡುವುದಕ್ಕೂ ತುಂಬಾ ತಡ ಆಗುತ್ತಿದೆ ಅಂತ. ನನ್ನ ಅಜ್ಜನ ಕಥೆ ಅದೇ ತಾನೇ?

ಒಂದು ಒಳ್ಳೆಯ ಬದಲಾವಣೆಯೂ ಆಗಿದೆ. ಮೊದಲು ಒಬ್ಬರೋ ಇಬ್ಬರೋ ಹಣ ನೋಡಿಕೊಳ್ಳುವ ಫಿಡ್ಯೂಶಿಯರಿ ತಿಂದು ಹಾಕಿದರೆ, ವಿಎ ನಿರ್ಲಕ್ಷ್ಯ ಮಾಡಿತ್ತು ಎಂದು ಸಾಬೀತಾಗದೆ ಸೈನಿಕನಿಗೆ ಹಣ ವಾಪಸ್ ಬರುತ್ತಿರಲಿಲ್ಲ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನರ ಹಣ ನೋಡಿಕೊಳ್ಳುವವನೋ, ಸಂಸ್ಥೆಯೋ ತಿಂದರೆ ಮಾತ್ರ ಹಾಗೇ ಸಿಗುತ್ತಿತ್ತು. ಕದ್ದದ್ದು ಕದ್ದದ್ದೇ ಅಲ್ವಾ, ಕಳ್ಳನಿಗೆ ಎಷ್ಟು ಗಿರಾಕಿ ಇದ್ದರು ಅನ್ನುವುದರ ಮೇಲೆ ಮುದುಕನ ಊಟ ನಿಲ್ಲಬೇಕಾ? 2021ರ ಜನವರಿಯಲ್ಲಿ ಸಹಿಯಾದ ಕಾನೂನಿನಿಂದ ಅದು ಸರಿಹೋಯಿತು.

ಫೋನ್ ಎತ್ತುವುದು ನಾವೇ ಆಗಬೇಕು. ನರ್ಸು, ಪಕ್ಕದ ಮನೆಯವರು, ಚರ್ಚಿನವರು, ಯಾರು ಬೇಕಾದರೂ ಇನ್‌ಸ್ಪೆಕ್ಟರ್ ಜನರಲ್ ಹಾಟ್‌ಲೈನಿಗೆ ಹೇಳಬಹುದು. ನಾನು ಆ ಚಪ್ಪಲಿ ನೋಡಿದ್ದು ನವೆಂಬರಿನಲ್ಲಿ. ದೂರು ಬರೆದದ್ದು ಫೆಬ್ರವರಿಯಲ್ಲಿ. ಮೂರು ತಿಂಗಳು ಸುಮ್ನೆ ಇದ್ದೆ, ನನಗೇಕೆ ಊರ ಉಸಾಬರಿ ಅಂತ. ಅದು ಇವತ್ತಿಗೂ ಚುಚ್ಚುತ್ತದೆ.

ಕಿರಣ್_ಡಲ್ಲಾಸ್

ಅಕ್ಕ, ನೀವು ಬರೆದಿರಿ. ಬರೆಯದವರೇ ಜಾಸ್ತಿ.

ಸುಬೇದಾರ್ ಸರ್ ಕಂಬಳಿ ಮಾತು ನನಗೂ ನಾಟಿತು. ನನ್ನ ತಕರಾರನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಲೆಕ್ಕ ಕೇಳಲಿ. ಆದರೆ ಕೇಳುವವರಿಗೂ ಯಾರಾದರೂ ಲೆಕ್ಕ ಕೇಳುವಂತಿರಬೇಕು. ಎಷ್ಟೋ ವರ್ಷ ವಿಎ ಏನು ಹೇಳುತ್ತಿತ್ತು ಗೊತ್ತಾ? ಯಾರನ್ನು ಫಿಡ್ಯೂಶಿಯರಿ ಮಾಡುತ್ತೇವೆ ಅನ್ನುವುದು ನಮ್ಮ ಇಷ್ಟ, ಅದರ ಮೇಲೆ ಅಪೀಲು ಇಲ್ಲ ಅಂತ. ಫ್ರೀಮನ್ ಎಂಬ ಮಾಜಿ ಸೈನಿಕರ ಕೇಸಿನಲ್ಲಿ, ಅವರ ಪರವಾಗಿ ತಂಗಿಯೋ ಅಕ್ಕನೋ ಹೋರಾಡಿದರು, 2011ರಲ್ಲಿ ಕೋರ್ಟು ಹಾಗಲ್ಲ, ಅಪೀಲು ಮಾಡುವ ಹಕ್ಕಿದೆ ಎಂದಿತು. 2018ರಲ್ಲಿ ಹೊಸ ನಿಯಮಗಳು ಬಂದವು, ಅಪೀಲಿನ ಹಕ್ಕು ಅದರಲ್ಲೂ ಇದೆ. ಯಾರು ಬೇಕು ಅಂತ ಮೊದಲು ಸೈನಿಕನನ್ನೇ ಕೇಳಬೇಕು ಅಂತಲೂ ಇದೆ. ಸುಮಾ, ಇದು ನಿಮಗೆ ಮುಖ್ಯ. ಮಾವ ಮಗನ ಹೆಸರು ಹೇಳಿದ್ದನ್ನು ಬರವಣಿಗೆಯಲ್ಲಿ ಕೊಡಿ.

ಹಾಗೇ, ಮಾವನಿಗೆ ಪೂರ್ತಿ ಮರೆವು ಇಲ್ಲದಿದ್ದರೆ ಇನ್ನೊಂದು ದಾರಿಯೂ ಇದೆ. ಹಣ ಅವರಿಗೇ ನೇರವಾಗಿ ಬರುತ್ತದೆ, ವಿಎ ಮೇಲ್ವಿಚಾರಣೆ ಮಾತ್ರ ಮಾಡುತ್ತದೆ. ಕೇಳಿ ನೋಡಿ.

ಸುಮಾ_ವಿಸ್ಕಾನ್ಸಿನ್

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನೀವು ಬರೆದದ್ದನ್ನೆಲ್ಲ ನನ್ನ ಗಂಡನಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಚಪ್ಪಲಿ ಕಥೆ ಬಂದಾಗ ಎದ್ದು ಅಡುಗೆಮನೆಗೆ ಹೋದರು, ಸ್ವಲ್ಪ ಹೊತ್ತು ಬರಲಿಲ್ಲ. ಮಾರನೇ ದಿನ ಅವರೇ ಫಾರಂ ತುಂಬಿದರು. ನೇರ ಹಣದ ದಾರಿಯನ್ನೂ ಕೇಳಿದೆವು ಕಿರಣ್, ಗಿಫ್ಟ್ ಕಾರ್ಡ್ ವಿಷಯ ಹೇಳಿದ ಮೇಲೆ ಈಗ ಅದು ಬೇಡ ಎಂದು ನಮಗೇ ಅನಿಸಿತು.

ಹೋದ ಗುರುವಾರ ಫೀಲ್ಡ್ ಎಕ್ಸಾಮಿನರ್ ಬಂದಿದ್ದರು. ಐವತ್ತು ದಾಟಿದ ಹೆಂಗಸು, ಕಾಲಿನ ಬೂಟು ಬಾಗಿಲಲ್ಲೇ ಬಿಚ್ಚಿಟ್ಟರು. ಮೊದಲು ನಮ್ಮ ಹತ್ತಿರ ಮಾತಾಡುತ್ತಾರೆ ಅಂದುಕೊಂಡಿದ್ದೆ. ನೇರ ಮಾವನ ಹತ್ತಿರ ಹೋಗಿ ಕುರ್ಚಿ ಎಳೆದುಕೊಂಡು ಕೂತರು. ಊಟ ಏನು ಮಾಡಿದಿರಿ, ಮಾತ್ರೆ ಯಾರು ಕೊಡುತ್ತಾರೆ, ರಾತ್ರಿ ನಿದ್ದೆ ಬರುತ್ತಾ ಅಂತ ಒಂದೊಂದಾಗಿ ಕೇಳಿದರು. ಮಾವನ ಕೋಣೆ ನೋಡಿದರು. ಆಮೇಲೆ ಕೇಳಿದರು, ನಿಮ್ಮ ಹಣದಲ್ಲಿ ನಿಮಗೆ ಏನು ಮಾಡಬೇಕು ಅಂತ ಆಸೆ ಇದೆ?

ಮಾವ ಬಹಳ ಹೊತ್ತು ಸುಮ್ಮನಿದ್ದರು. ಬಲಗೈ ನಡುಗುತ್ತಿತ್ತು, ಎಡಗೈಯಿಂದ ಹಿಡಿದುಕೊಂಡಿದ್ದರು. ಆಮೇಲೆ, ಹಕ್ಕಿಗೆ ಕಾಳು ಅಂದರು. ಕಪ್ಪು ಸೂರ್ಯಕಾಂತಿ ಬೀಜವೇ ಆಗಬೇಕು, ಬೇರೆಯದು ಹಾಕಿದರೆ ಕಾರ್ಡಿನಲ್ ಹಕ್ಕಿ ಬರುವುದಿಲ್ಲ ಅಂದರು. ಮತ್ತೆ, ಶನಿವಾರ ಕ್ಷೌರದ ಅಂಗಡಿ. ಅಲ್ಲಿ ಹಳೆಯ ಸ್ನೇಹಿತರು ಬರುತ್ತಾರೆ. ಇಷ್ಟೆ. ಎರಡು ವರ್ಷದಿಂದ ನಾವು ಅವರಿಗೆ ಮಾತ್ರೆ, ಡಯಾಪರ್, ಡಾಕ್ಟರು ಅಂತ ಓಡಾಡಿದ್ದೇವೆ. ಏನು ಆಸೆ ಅಂತ ನಾನು ಒಂದು ಸಲವೂ ಕೇಳಿರಲಿಲ್ಲ.

ಆಕೆ ತಿಂಗಳ ಖರ್ಚಿನ ಪಟ್ಟಿಯಲ್ಲಿ ಔಷಧಿ, ಮನೆ ಖರ್ಚು ಎಲ್ಲದರ ಜೊತೆ ಹಕ್ಕಿ ಕಾಳು, ಕ್ಷೌರ ಎಂದು ಎರಡು ಸಾಲು ಬರೆದರು. ನನ್ನ ಗಂಡ ಒಪ್ಪಂದಕ್ಕೆ ಸಹಿ ಹಾಕಿದರು. ಮನೆಯವರಾದ್ದರಿಂದ ಫೀಸ್ ಇಲ್ಲ ಎಂದರು, ನಮಗೆ ಬೇಕಾಗಿಯೂ ಇರಲಿಲ್ಲ. ನಿನ್ನೆ ಅಕೌಂಟು ತೆರೆದು ಬಂದೆವು. ಹಿಂದಿನ ಬಾಕಿ ಹಣವೂ ಒಂದಿಷ್ಟು ಬರಬೇಕು, ಅದನ್ನು ಫಿಡ್ಯೂಶಿಯರಿ ನೇಮಕ ಆಗುವ ತನಕ ತಡೆದಿಟ್ಟಿದ್ದರು.

ರಘು ಅವರೇ, ಒಂದು ಸಣ್ಣ ಪ್ರಶ್ನೆ. ಕಾಳಿನ ಅಂಗಡಿಯವರು ರಸೀದಿ ಕೊಡುತ್ತಾರೆ. ಕ್ಷೌರದ ಅಜ್ಜ ಕೊಡುವುದಿಲ್ಲ, ಕೇಳಿದರೆ ಮಾವನಿಗೆ ಮುಜುಗರ. ಏನು ಮಾಡಲಿ?

ರಘು_ಲೆಕ್ಕಪತ್ರ

ಒಂದು ನೋಟ್‌ಬುಕ್ ಇಡಿ. ತಾರೀಕು, ಎಷ್ಟು ಕೊಟ್ಟಿರಿ, ಯಾತಕ್ಕೆ, ಮೂರೇ ಕಾಲಂ. ಆಗುವಷ್ಟು ದಿನ ಮಾವನವರ ಕೈಯಲ್ಲೇ ಬರೆಸಿ, ಅಕ್ಷರ ನಡುಗಿದರೂ ಪರವಾಗಿಲ್ಲ. ಕ್ಷೌರದ ಹಣವನ್ನು ಆಗಬಹುದಾದರೆ ಆ ಅಕೌಂಟಿನ ಚೆಕ್ಕಿನಲ್ಲಿ ಕೊಡಿ, ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ತಾನಾಗೇ ಬರುತ್ತದೆ. ಆ ಪುಸ್ತಕ ಬಿಸಾಡಬೇಡಿ, ನಿಮ್ಮ ಮನೆಯವರು ಫಿಡ್ಯೂಶಿಯರಿ ಆಗಿರುವಷ್ಟು ದಿನವೂ, ಬಿಟ್ಟ ಮೇಲೆ ಕನಿಷ್ಠ ಎರಡು ವರ್ಷವೂ ದಾಖಲೆ ಇರಬೇಕು.

ವೀಣಾ_ನರ್ಸಿಂಗ್

ಕಾರ್ಡಿನಲ್ ಬಂತಾ ಹೇಳು ಸುಮಾ.

ಸುಮಾ_ವಿಸ್ಕಾನ್ಸಿನ್

ಇವತ್ತು ಬೆಳಿಗ್ಗೆ ಎರಡು ಬಂದಿದ್ದವು ಅಕ್ಕ. ಮಾವ ಕಿಟಕಿ ಹತ್ತಿರವೇ ತಿಂಡಿ ತಿಂದರು.